ಹಿಂಬಾಗಿಲ ಚಿಲಕ

ಅವರನ್ನು ಊರಿನವರೆಲ್ಲ ಕರೆಯುತ್ತಿದ್ದದ್ದು ‘ಬೀಗರು’ ಎಂದು. ಮಗನಿಗೋ ಮಗಳಿಗೋ ಮದುವೆ ಮಾಡಿ ಬೀಗರಾದವರಲ್ಲ, ಮದುವೆ ಮಾಡಲು ಮಕ್ಕಳೇ ಇರಲಿಲ್ಲ. ಬಸ್ ನಿಲ್ದಾಣದ ಎದುರಿನ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಗೂಡು. ಅದರಲ್ಲಿ ಒಬ್ಬ ಕೂತು ಇನ್ನೊಬ್ಬ ನಿಂತರೆ ಮೂರನೆಯವನಿಗೆ ಜಾಗವಿಲ್ಲ. ಆ ಗೂಡಿನಲ್ಲಿ ನಲವತ್ತು ವರ್ಷದಿಂದ ಬೀಗ ಬಿಚ್ಚುತ್ತ, ಕಳೆದುಹೋದ ಕೀಲಿಗೆ ಬದಲು ಕೀಲಿ ಅರೆಯುತ್ತ ಬಂದವರು. “ಮಕ್ಕಳಿಲ್ಲದೆ ಊರಿಗೆಲ್ಲ ಬೀಗರಾದ ಗಂಡಸು ಇವರೊಬ್ಬರೇ” ಎಂದು ಹೆಂಡತಿಯೇ ನಗುತ್ತಿದ್ದಳು. ಅವರೂ ನಗುತ್ತಿದ್ದರು. ಆ ನೋವು ಹಳೆಯದಾಗಿ, ನಗುವಷ್ಟು ಸವೆದಿತ್ತು.

ಕಸಬು ಕಲಿಸಿದವರು ಅಪ್ಪ. ಅಪ್ಪ ಹೇಳಿಕೊಟ್ಟದ್ದರಲ್ಲಿ ಒಂದು ಮಾತನ್ನು ಬೀಗರು ಎಂದೂ ಮೀರಿದವರಲ್ಲ. ಖಾಲಿ ಮನೆಯೆಂದು ಗೊತ್ತಿದ್ದರೂ ಬೀಗಕ್ಕೆ ಕೈ ಹಾಕುವ ಮೊದಲು ಮೂರು ಸಲ ಬಾಗಿಲು ಬಡಿಯಬೇಕು. ಹೇಳದೆ ಕೇಳದೆ ಒಳಗೆ ಹೋಗುವವನು ಕಳ್ಳ, ಹೇಳಿ ಹೋಗುವವನು ಕೆಲಸಗಾರ.

ಭಾನುವಾರ ಚರ್ಚಿನಲ್ಲಿ ಅವರದು ಕೊನೆಯ ಬೆಂಚು. ಹಾಡಿಗೆ ದಪ್ಪ ದನಿ ಸೇರಿಸುತ್ತಿದ್ದರು, ಆದರೆ ಎದ್ದು ನಿಂತು ಪ್ರಾರ್ಥನೆ ಮಾಡಿ ಎಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆ ವರ್ಷ ಎಂಟು ಗಂಟೆ ಪ್ರಯಾಣದಾಚೆಯ ಒಂದು ಊರಿಗೆ ನದಿ ನುಗ್ಗಿ ಹನ್ನೊಂದು ದಿನ ನಿಂತಿತು. ನೀರು ಇಳಿದ ಮೇಲೆ ಪಾಸ್ಟರು ಆರಾಧನೆಯ ಕೊನೆಯಲ್ಲಿ, “ಒಂದು ವಾರದ ಮಟ್ಟಿಗೆ ಸಲಿಕೆ ಹಿಡಿಯೋ ಕೈಗಳು ಬೇಕು” ಎಂದರು. ಬೀಗರ ಹೆಂಡತಿ ಅಡುಗೆ ಕೆಲಸಕ್ಕೆ ತನ್ನ ಹೆಸರು ಬರೆಸಿ, ಅದರ ಕೆಳಗೆ ಗಂಡನದನ್ನೂ ಬರೆಸಿ ಬಂದಳು.

“ಮೊಣಕಾಲು ನೋವು ಕಣೆ ನಂಗೆ. ಕೆಸರು ಎತ್ತೋಕಾಗುತ್ತಾ?” ಎಂದರು ಬೀಗರು.

“ಬಾಗಿಲೇ ತೆಗೀದೆ ಒಳಗಿನ ಕೆಸರು ಎತ್ತೋದು ಹೇಗೆ? ಸಾಮಾನು ಚೀಲ ತಗೊಂಡು ಸುಮ್ನೆ ಬನ್ನಿ.”

ಅವಳ ಮಾತು ನಿಜವೇ ಆಗಿತ್ತು. ಆ ಊರಿನವರು ಮನೆಗೆ ಬೀಗ ಹಾಕಿ ಉಟ್ಟ ಬಟ್ಟೆಯಲ್ಲಿ ಓಡಿದವರು. ಅರ್ಧಕ್ಕರ್ಧ ಜನರ ಕೀಲಿ ನೀರುಪಾಲಾಗಿತ್ತು, ಇದ್ದವರ ಕೀಲಿ ಹೂಳು ತುಂಬಿದ ಬೀಗದೊಳಗೆ ಹೋಗುತ್ತಿರಲಿಲ್ಲ. ಹನ್ನೆರಡು ಜನ ವ್ಯಾನಿನಿಂದ ಇಳಿದು ಕೆಲಸ ಶುರು ಮಾಡುವ ಹೊತ್ತಿಗೆ ಎಲ್ಲರ ಬಾಯಲ್ಲೂ ಬೀಗರದೇ ಹೆಸರು. ಮುಂದೆ ಅವರು, ಅವರ ಹಿಂದೆ ಸಲಿಕೆಗಳು.

ತಂಗಿದ್ದು ದಿಬ್ಬದ ಮೇಲಿನ ಶಾಲೆಯಲ್ಲಿ. ಅಲ್ಲಿನ ಟೀಚರು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ನಲವತ್ತರ ಆಸುಪಾಸಿನ ವಿಧವೆ. ಮನೆ ನದಿ ಬದಿಯ ಬೀದಿಯಲ್ಲೇ ಇದ್ದರೂ ಪ್ರವಾಹ ಬಂದಾಗಿನಿಂದ ಶಾಲೆಯ ಕೋಣೆಯೊಂದರಲ್ಲಿ ಉಳಿದಿದ್ದರು. ಯಾವ ಮನೆಗೆ ಯಾರು ಹೋಗಬೇಕು, ಯಾರ ಮನೆಯಲ್ಲಿ ಗೋಡೆ ಬಿದ್ದಿದೆ, ಎಲ್ಲಿ ಕರೆಂಟಿನ ತಂತಿ ಜೋತಾಡುತ್ತಿದೆ, ಎಲ್ಲವೂ ಅವರ ಬಾಯಲ್ಲಿ. ಆದರೆ ಆ ಬೀದಿಗೆ ಮಾತ್ರ ಇಳಿಯುತ್ತಿರಲಿಲ್ಲ. ದಿಬ್ಬದ ಮೇಲೆ ನಿಂತು ಕೈ ತೋರಿಸುತ್ತಿದ್ದರು, ಅಷ್ಟೇ.

ಬೀದಿ ಹೇಗಿತ್ತೆಂದರೆ, ಎರಡೂ ಕಡೆಯ ಮನೆಗಳ ಗೋಡೆಯ ಮೇಲೆ ತಲೆಯೆತ್ತರಕ್ಕಿಂತ ಮೇಲೆ ಒಂದು ಕಂದು ಗೆರೆ. ಈ ತುದಿಯಿಂದ ಆ ತುದಿಗೆ ಯಾರೋ ದಾರ ಹಿಡಿದು ಎಳೆದ ಹಾಗೆ ನೇರ. ಅದರ ಕೆಳಗೆ ಎಲ್ಲವೂ ಒಂದೇ ಬಣ್ಣ: ಕಿಟಕಿ, ಪರದೆ, ಅಂಗಳದ ಸೈಕಲ್ಲು. ನಾಯಿ ಬೊಗಳುತ್ತಿರಲಿಲ್ಲ, ಹಕ್ಕಿಯ ಸುಳಿವಿರಲಿಲ್ಲ. ಬೀಗದಲ್ಲಿ ಸೀಮೆಎಣ್ಣೆ ಸುರಿದು, ತಂತಿಯಿಂದ ಹೂಳು ಕೆದರಿ, ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಆ ಸದ್ದು ಬೀದಿಯ ಕೊನೆಯವರೆಗೆ ಹೋಗಿ ವಾಪಸು ಬರುತ್ತಿತ್ತು. ಉಬ್ಬಿದ ಬಾಗಿಲು ಜರುಗಿದಾಗಲೆಲ್ಲ ಒಳಗಿನಿಂದ ತಣ್ಣನೆಯ ಗಾಳಿ ಹೊರಗೆ ಬಂದು ಮುಖಕ್ಕೆ ತಾಕುತ್ತಿತ್ತು, ಅಷ್ಟು ದಿನ ಬಿಗಿಹಿಡಿದ ಉಸಿರನ್ನು ಮನೆ ಬಿಟ್ಟ ಹಾಗೆ.

“ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇಲ್ಲಿ ಕೈಯೂ ಕೆಸರು, ಬಾಯೂ ಕೆಸರು” ಎಂದು ಪಾಸ್ಟರು ಮೊದಲ ದಿನ ತಮಾಷೆ ಮಾಡಿದರು. ಎರಡನೆಯ ದಿನದಿಂದ ಯಾರೂ ತಮಾಷೆ ಮಾಡಲಿಲ್ಲ. ಮಾತನ್ನೂ ಪಿಸುದನಿಯಲ್ಲೇ ಆಡತೊಡಗಿದರು. ಯಾಕೆಂದು ಕೇಳಿದ್ದರೆ ಯಾರಿಗೂ ಹೇಳಲು ಆಗುತ್ತಿರಲಿಲ್ಲ.

ನಾಲ್ಕನೆಯ ದಿನದ ಮಧ್ಯಾಹ್ನದ ಹೊತ್ತಿಗೆ ಟೀಚರು ಬರೆದುಕೊಟ್ಟ ಮನೆಗಳೆಲ್ಲ ಮುಗಿದವು. ಬೀದಿಯ ತುದಿಯಲ್ಲಿ ಮಾತ್ರ ಒಂದು ಮನೆ ಬಾಕಿ. ಒಂದೇ ಅಂತಸ್ತು, ಹಸಿರು ಬಾಗಿಲು, ಕಿಟಕಿಗೆಲ್ಲ ಕಬ್ಬಿಣದ ಸರಳು, ಹೊರಗೆ ಹಿತ್ತಾಳೆಯ ದೊಡ್ಡ ಬೀಗ. ಅದು ಪಟ್ಟಿಯಲ್ಲಿರಲಿಲ್ಲ. ಬರೆಯುವಾಗ ಮರೆತಿರಬೇಕು ಅಂದುಕೊಂಡು ಬೀಗರು ಚೀಲ ಇಳಿಸಿದರು. ಉಳಿದವರು ಊಟಕ್ಕೆ ದಿಬ್ಬ ಹತ್ತಿದ್ದರು. ನೆತ್ತಿಯ ಮೇಲೆ ಬಿಸಿಲು. ಅಭ್ಯಾಸದಂತೆ ಬೆರಳ ಗೆಣ್ಣಿನಿಂದ ಬಾಗಿಲನ್ನು ಮೂರು ಸಲ ಬಡಿದರು.

ಒಳಗಿನಿಂದ ಮೂರು ಸಲ ಬಡಿದ ಸದ್ದು ಬಂತು.

ಮೊದಲು ಅವರಿಗೆ ಹೆದರಿಕೆಯಾಗಲಿಲ್ಲ. “ಯಾರಿದ್ದೀರಿ? ತೆಗೀತೀನಿ ಇರಿ” ಎಂದೇ ಬಿಟ್ಟರು. ಆಮೇಲೆ ಬೀಗ ನೋಡಿದರು. ಅದರ ಬಾಯಲ್ಲಿ ಒಣಗಿದ ಹೂಳು ಬಿರುಕು ಬಿಟ್ಟು ನಿಂತಿತ್ತು, ವಾರಗಳಿಂದ ಯಾರೂ ಮುಟ್ಟಿರಲಿಲ್ಲ. ಬಾಗಿಲಿಗೆ ಕಿವಿ ಹಚ್ಚಿದರು. ಏನೂ ಇಲ್ಲ. ಮತ್ತೆ ಬಡಿಯಲು ಕೈ ಎತ್ತಿದರು. ಬಡಿಯುವ ಮೊದಲೇ ಒಳಗಿನಿಂದ ಮೂರು ಸದ್ದು ಬಂತು: ನಿಧಾನವಾಗಿ, ಒಂದರ ಹಿಂದೊಂದು, ಬಡಿಯುವವರಿಗೆ ಶಕ್ತಿ ಸಾಲದ ಹಾಗೆ.

ಸಾಮಾನಿನ ಚೀಲ ಅಲ್ಲೇ ಬಿಟ್ಟು, ಮೊಣಕಾಲಿನ ನೋವೂ ಮರೆತು ದಿಬ್ಬ ಹತ್ತಿದರು.

ಹೆಂಡತಿ ತಟ್ಟೆ ಮುಂದಿಟ್ಟು ಮುಖ ನೋಡಿದಳು. “ಏನಾಯ್ತು? ಮುಖ ಸುಣ್ಣ ಬಳಿದ ಹಾಗಿದೆ.” ಹೇಳಿದರು. “ಖಾಲಿ ಹೊಟ್ಟೇಲಿ ಬಿಸಿಲಿಗೆ ನಿಂತ್ರೆ ಕಿವಿ ಗುಂಯ್ ಅನ್ನದೆ ಇನ್ನೇನು? ಮೊದ್ಲು ಊಟ ಮಾಡಿ” ಎಂದಳು. ಆದರೆ ಅವಳೇ ಪಾಸ್ಟರ ಬಳಿ ಹೋಗಿ ವಿಷಯ ತಿಳಿಸಿದಳು. ಪಾಸ್ಟರು ಅರ್ಧ ಊಟಕ್ಕೇ ಎದ್ದು ಬೀಗರ ಜತೆ ಇಳಿದು ಬಂದರು. ಇಬ್ಬರೂ ಹಸಿರು ಬಾಗಿಲ ಮುಂದೆ ನಿಂತರು. ಪಾಸ್ಟರು ಬಡಿದರು, ಕಾದರು.

“ಕೇಳಿಸ್ತಾ?” ಎಂದರು ಬೀಗರು. ಬೀಗರಿಗಂತೂ ಮತ್ತೆ ಆ ಮೂರು ಸದ್ದು ಕೇಳಿಸಿತ್ತು.

ಪಾಸ್ಟರು ಬಾಗಿಲಿಗೆ ಕಿವಿ ಹಚ್ಚಿ ನೋಡಿ ಈಚೆ ತಿರುಗಿದರು. “ನನಗೇನೂ ಕೇಳಿಸ್ಲಿಲ್ಲ ಬೀಗರೇ. ಕೇಳಿಸ್ತು ಅಂತ ನಿಮ್ಮ ಸಮಾಧಾನಕ್ಕೆ ಹೇಳಲಾರೆ. ಆದ್ರೆ ನೀವು ಇಲ್ಲದ್ದನ್ನ ಹೇಳೋರಲ್ಲ, ಅದೂ ಗೊತ್ತು. ಇದು ಯಾರ ಮನೆ?”

ಅದನ್ನು ಕೇಳಲು ಬೀಗರು ಒಬ್ಬರೇ ಟೀಚರ ಕೋಣೆಗೆ ಹೋದರು. ಟೀಚರು ಮಳೆಗೆ ನೆನೆದ ಹಾಜರಿ ಪುಸ್ತಕಗಳ ಹಾಳೆ ಬಿಡಿಸಿ ಕಿಟಕಿಯ ಕಟ್ಟೆಯ ಮೇಲೆ ಒಣಗಿಸುತ್ತಿದ್ದರು.

“ತುದೀಲಿ ಹಸಿರು ಬಾಗಿಲ ಮನೆ ಇದೆಯಲ್ಲಮ್ಮ, ಅದು ಪಟ್ಟೀಲಿಲ್ಲ.”

“ಅದು ನಮ್ಮದೇ. ಬೇಡ ಬಿಡಿ. ಕೀಲಿ ಕಳೆದುಹೋಗಿದೆ.”

“ಕೀಲಿ ಕಳೆದಿರೋದಕ್ಕೇ ಅಲ್ವಾ ನಾನು ಬಂದಿರೋದು?”

ಟೀಚರು ಹಾಳೆ ಹರಡುವುದನ್ನು ನಿಲ್ಲಿಸಲಿಲ್ಲ. ತಿರುಗದೆಯೇ, “ನೀವು ಬಾಗಿಲು ಬಡಿದ್ರಾ?” ಎಂದು ಕೇಳಿದರು.

ಬೀಗರು ಹೂಂ ಎಂದರು.

“ಕೇಳಿಸ್ತಾ?”

ಆ ಒಂದು ಮಾತಿಗೆ ಬೀಗರು ಅಲ್ಲಿದ್ದ, ಮಕ್ಕಳು ಕೂರುವ ಪುಟ್ಟ ಬೆಂಚಿನ ಮೇಲೆ ಕುಸಿದು ಕೂತರು. ಟೀಚರು ಕುತ್ತಿಗೆಯಲ್ಲಿದ್ದ ಕಪ್ಪು ದಾರವನ್ನು ಎಳೆದರು. ಅದರ ತುದಿಯಲ್ಲಿ ಒಂದು ಹಿತ್ತಾಳೆ ಕೀಲಿ.

“ಕಳೆದಿಲ್ಲ ಅಣ್ಣಾ” ಎಂದರು.

ಆಮೇಲೆ ಹೇಳಿದರು. ಮನೆಯಲ್ಲಿದ್ದವರು ಇಬ್ಬರೇ, ಅತ್ತೆ ಮತ್ತು ಸೊಸೆ. ಗಂಡ ತೀರಿಕೊಂಡು ಹತ್ತು ವರ್ಷ. ಅತ್ತೆಗೆ ಬೆನ್ನು ಬಾಗಿತ್ತು, ನಾಲಿಗೆ ಮಾತ್ರ ನೆಟ್ಟಗಿತ್ತು. ಜಗಳವಾಡದ ದಿನವಿಲ್ಲ, ಒಬ್ಬರನ್ನು ಬಿಟ್ಟು ಒಬ್ಬರು ಉಂಡ ದಿನವೂ ಇಲ್ಲ. ಆ ಬೆಳಗ್ಗೆ ನೀರು ಬೀದಿಗೆ ಬಂದಾಗ ದೋಣಿಗಳು ಬಂದವು. ಟೀಚರು ಪಕ್ಕದ ಕೋಣೆಯಲ್ಲಿ ಕಾಗದಪತ್ರ ಹುಡುಕುತ್ತಿದ್ದರು. “ನೀನು ಬಾ, ನಾನು ಮುಂದೆ ಹೋಗಿರ್ತೀನಿ” ಎಂದು ಅತ್ತೆ ಕೂಗಿದ್ದು ಕೇಳಿಸಿತು. ಹೊರಗೆ ಬಂದರೆ ನಡುಮನೆಯಲ್ಲಿ ಯಾರೂ ಇಲ್ಲ, ಮೊಣಕಾಲವರೆಗೆ ನೀರು, ಮುಂಬಾಗಿಲು ತೆರೆದಿದೆ, ಮೊದಲ ದೋಣಿ ಹೊರಟುಹೋಗಿದೆ. ಅತ್ತೆ ಅದರಲ್ಲಿ ಹೋದರೆಂದುಕೊಂಡು ಬೀಗ ಹಾಕಿದರು.

“ಎರಡನೇ ದೋಣೀಲಿ ಕೂತ ಮೇಲೆ ಸದ್ದು ಕೇಳಿಸ್ತು ಅಣ್ಣಾ. ಮೂರು ಸಲ. ದೋಣಿಯವನು, ಒಳಗೆ ಸಾಮಾನು ತೇಲಿ ಬಾಗಿಲಿಗೆ ಬಡೀತಿದೆ ಅಂದ. ನಾನೂ ಹಾಗೇ ಅಂದುಕೊಂಡೆ. ಹಾಗೇ ಅಂದುಕೊಳ್ಳೋಕೆ ನಂಗೂ ಬೇಕಾಗಿತ್ತು. ಮಳೆ ಹುಯ್ತಾ ಇತ್ತು, ನೀರು ಏರ್ತಾ ಇತ್ತು.”

ಮೊದಲ ದೋಣಿಯಲ್ಲಿ ಅತ್ತೆ ಬಂದಿರಲಿಲ್ಲ. ಒಂಬತ್ತನೆಯ ದಿನ ಅವರ ದೇಹ ಸಿಕ್ಕಿತು, ನದಿ ಹರಿದುಹೋಗುವ ಕಡೆ, ಇಟ್ಟಿಗೆ ಭಟ್ಟಿಯೊಂದರ ಬಳಿ. ಮನೆಯೊಳಗಲ್ಲ. ಹಿಂಬಾಗಿಲು ತೆರೆದು ಬಿದ್ದಿದೆಯೆಂದು ನೋಡಿದವರು ಹೇಳಿದರು. ಹಾಗಾದರೆ ಅತ್ತೆ ತಾವೇ ಚಿಲಕ ತೆಗೆದು ಹಿಂದಿನಿಂದ ಹೊರಗೆ ಹೋಗಿ, ಅಲ್ಲಿ ನೀರು ಎಳೆದುಕೊಂಡು ಹೋಯಿತೇ? ಇಲ್ಲ, ಚಿಲಕ ಹಾಕಿದ್ದ ಬಾಗಿಲನ್ನು ನೀರೇ ಮುರಿದು, ಒಳಗಿದ್ದವರನ್ನು ಕೊಂಡೊಯ್ದಿತೇ?

“ಬಾಗಿಲು ನೋಡಿದ್ರೆ ನಿಮಗೆ ಗೊತ್ತಾಗುತ್ತೆ ಅಲ್ವಾ? ತೆಗೆದಿದ್ದೋ ಮುರಿದಿದ್ದೋ? ನೋಡಿ ಹೇಳಿ. ಈ ಸದ್ದು ದಿನಾ ಮಧ್ಯಾಹ್ನ ನಂಗೆ ಇಲ್ಲಿಗೇ ಕೇಳಿಸುತ್ತೆ. ಇಷ್ಟು ದೂರಕ್ಕೆ. ಪಾಠ ಮಾಡ್ತಿದ್ರೂ ಕೇಳಿಸುತ್ತೆ, ಕಿವಿಗೆ ಹತ್ತಿ ಇಟ್ಕೊಂಡ್ರೂ ಕೇಳಿಸುತ್ತೆ.”

ಮರುದಿನ ಮಧ್ಯಾಹ್ನ ಬೀಗರು ಕೀಲಿ ಹಿಡಿದು ಹೋದರು. ಹೆಂಡತಿ ಜತೆಗೆ ಬರುತ್ತೇನೆಂದಳು, ಬೇಡವೆಂದರು. ಟೀಚರು ಬೀದಿಯ ತಿರುವಿನವರೆಗೆ ಬಂದು ನಿಂತರು, ಮುಂದೆ ಕಾಲು ಏಳಲಿಲ್ಲ.

ಬೀಗದ ಹೂಳು ಕೆದರಲು ಅರ್ಧ ಗಂಟೆ ಹಿಡಿಯಿತು. ಈ ಸಲ ಬಡಿದಾಗ ಒಳಗಿನಿಂದ ಏನೂ ಬರಲಿಲ್ಲ. ಅದರಿಂದಲೇ ಅವರಿಗೆ ಹೆಚ್ಚು ದಿಗಿಲಾಯಿತು, ಒಳಗಿರುವವರು ಬಾಗಿಲ ಹಿಂದೆಯೇ ನಿಂತು ಕಾಯುತ್ತಿದ್ದಾರೆ ಅನ್ನಿಸಿತು. ಕೀಲಿ ತಿರುಗಿತು. ಬಾಗಿಲನ್ನು ಒಳಕ್ಕೆ ತಳ್ಳಿ, ಗೋಡೆಗೆ ತಾಗುವವರೆಗೆ ಪೂರ್ತಿ ತೆರೆದು, ಮುಚ್ಚದಂತೆ ಅಡಿಗೆ ಕಲ್ಲು ಇಟ್ಟರು.

ನಡುಮನೆಯ ನೆಲದಲ್ಲಿ ಗೇಣುದ್ದ ಕೆಸರು. ಅದರ ಮೇಲ್ಮೈ ಹಾಲಿನ ಕೆನೆಯಂತೆ ನುಣ್ಣಗೆ, ಒಂದು ಹೆಜ್ಜೆ ಗುರುತಿಲ್ಲ, ಇಲಿ ಓಡಾಡಿದ ಗೆರೆಯೂ ಇಲ್ಲ. ಒಳಗೆ ಓಡಾಡಿದವರು ಯಾರೂ ಇಲ್ಲವೆಂದು ಕೆಸರೇ ಹೇಳುತ್ತಿತ್ತು. ಕಾಲು ಊರಿ ಎತ್ತಿ ಹಿಂಬಾಗಿಲಿಗೆ ಹೋದರು.

ನೋಡಿದ ಕ್ಷಣವೇ ಗೊತ್ತಾಯಿತು. ಬಾಗಿಲು ಒಂದೇ ತಿರುಗಣಿಯ ಮೇಲೆ ಒಳಕ್ಕೆ ಜೋತಾಡುತ್ತಿತ್ತು. ಚಿಲಕ ಮುಂದಕ್ಕೆ ಚಾಚಿಕೊಂಡು ಬಾಗಿತ್ತು. ಅದು ಹೋಗಿ ಕೂರುವ ಕಬ್ಬಿಣದ ಬಳೆ ನಾಲ್ಕೂ ಸ್ಕ್ರೂಗಳ ಸಮೇತ ಚೌಕಟ್ಟಿನಿಂದ ಕಿತ್ತು ಬಂದು, ಮರ ಸೀಳಿ ಕೆಸರಿನಲ್ಲಿ ಬಿದ್ದಿತ್ತು. ಚಿಲಕ ಯಾರೂ ತೆಗೆದಿರಲಿಲ್ಲ. ಮುದುಕಿ ಹೊರಡುವ ಮುಂಚೆ ಹಿಂಬಾಗಿಲು ಭದ್ರ ಮಾಡಲು ಒಳಗೆ ಹೋಗಿದ್ದಾಳೆ. ಭದ್ರ ಮಾಡಿದ್ದಾಳೆ. ವಾಪಸು ಬರುವಷ್ಟರಲ್ಲಿ ಮುಂಬಾಗಿಲಿಗೆ ಬೀಗ ಬಿದ್ದಿದೆ. ಮತ್ತೆ ಹಿಂದಕ್ಕೆ ಓಡಿದರೆ ಹೊರಗಿನ ನೀರಿನ ಒತ್ತಡಕ್ಕೆ ಚಿಲಕ ಬಿಗಿದು ಕೂತಿದೆ.

ಬೀಗರು ಹೊರಗೆ ನೋಡಿದರು. ತೆರೆದ ಮುಂಬಾಗಿಲಿನಾಚೆ, ದೂರದ ತಿರುವಿನಲ್ಲಿ ಟೀಚರು ಸಣ್ಣಗೆ ಕಾಣುತ್ತಿದ್ದರು. ಈ ಹೆಂಗಸಿನ ಮುಂದೆ ಇನ್ನೂ ಮೂವತ್ತು ವರ್ಷದ ಬಾಳಿದೆ. ಒಂದು ಚಿಲಕ ಹಿಂದಕ್ಕೆ ಸರಿದಿದ್ದರೆ ಆ ಮೂವತ್ತು ವರ್ಷ ನಿದ್ದೆ ಬರುತ್ತದೆ. ಸರಿಸುವುದು ತಮ್ಮ ಕೈಯಲ್ಲೇ ಇದೆ, ಅದೂ ಕಾಲು ಗಂಟೆಯ ಕೆಲಸ. ತಪ್ಪೋ ಸರಿಯೋ ಎಂದು ಯೋಚಿಸಲು ನಿಂತರೆ ಕೈ ಓಡುವುದಿಲ್ಲವೆಂದು ಅವರು ಯೋಚಿಸಲೇ ಇಲ್ಲ. ಚಿಲಕವನ್ನು ಸುತ್ತಿಗೆಯಿಂದ ತಟ್ಟಿ ನೇರ ಮಾಡಿ ಹಿಂದಕ್ಕೆ ಎಳೆದರು. ಬಳೆಯನ್ನು ಕೆಸರಿನಿಂದ ಎತ್ತಿ ಒರೆಸಿ ಮೊದಲಿದ್ದ ಜಾಗಕ್ಕೆ ಹಿಡಿದರು. ಒಂದು ಸ್ಕ್ರೂ, ಎರಡು ಸ್ಕ್ರೂ. ಸೀಳಿದ ಮರಕ್ಕೆ ಕೆಸರು ಮೆತ್ತಿದರೆ ಯಾರಿಗೂ ತಿಳಿಯುವುದಿಲ್ಲ. ಮೂರನೆಯ ಸ್ಕ್ರೂ ತಿರುಗಿಸುತ್ತಿದ್ದರು.

ಟಕ್. ಟಕ್. ಟಕ್.

ಸದ್ದು ಬಂದದ್ದು ಮುಂಬಾಗಿಲಿನಿಂದ. ಪೂರ್ತಿ ತೆರೆದು ಗೋಡೆಗೆ ಒರಗಿದ್ದ ಬಾಗಿಲಿನಿಂದ. ಅದರ ಮುಂದೆ ಯಾರೂ ಇರಲಿಲ್ಲ, ಹಿಂದೆ ಯಾರೂ ನಿಲ್ಲಲು ಜಾಗವೂ ಇರಲಿಲ್ಲ. ಬೀಗರು ಸ್ಕ್ರೂಡ್ರೈವರ್ ಹಿಡಿದ ಕೈ ಹಾಗೆಯೇ ಇಟ್ಟುಕೊಂಡು ತಿರುಗಿದರು. ಓಡಿಹೋಗಲು ಇದ್ದ ದಾರಿ ಆ ಬಾಗಿಲೊಂದೇ, ಹಿಂಬಾಗಿಲಾಚೆ ನೀರು ತಂದು ಒಟ್ಟಿದ ಎದೆಯೆತ್ತರದ ಕಸದ ಗುಡ್ಡೆ. ನಡೆದರು. ಹತ್ತಿರ ಬಂದು, ಕಲ್ಲು ಸರಿಸಿ ಬಾಗಿಲನ್ನು ಗೋಡೆಯಿಂದ ಈಚೆ ಎಳೆದಾಗ ಕಂಡಿತು: ಬಾಗಿಲ ಒಳಮೈಗೆ ಒಣಗಿ ಅಂಟಿದ್ದ ಕೆಸರಿನ ಪದರದಲ್ಲಿ ಮೂರು ಕಡೆ ಕೆಸರು ಉದುರಿ ಮರ ಕಾಣುತ್ತಿತ್ತು. ಒಂದೊಂದೂ ಬೆರಳ ಗೆಣ್ಣಿನಷ್ಟು. ನಾನು ಹೊರಗಿನಿಂದ ಬಡಿದ ಏಟಿಗೇ ಉದುರಿರಬೇಕು ಎಂದು ತಮಗೆ ತಾವೇ ಹೇಳಿಕೊಂಡರು. ಆದರೆ ಅವರು ಬಡಿದದ್ದು ಎದೆಯ ಮಟ್ಟಕ್ಕೆ. ಈ ಗುರುತು ಸೊಂಟಕ್ಕಿಂತ ತುಸು ಮೇಲೆ, ಬೆನ್ನು ಬಾಗಿದವರ ಕೈಯೆತ್ತರಕ್ಕೆ.

ಅವರು ತುಂಬ ಹೊತ್ತು ಅದರ ಮುಂದೆ ನಿಂತರು. ಆಮೇಲೆ ಹಿಂದಕ್ಕೆ ಹೋಗಿ, ಹಾಕಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಬಳೆಯನ್ನು ಬಿದ್ದಿದ್ದ ಜಾಗದಲ್ಲೇ ಇಟ್ಟರು. “ತಪ್ಪಾಯ್ತಮ್ಮ” ಎಂದರು. ಎದ್ದು ನಿಂತು ಪ್ರಾರ್ಥನೆ ಮಾಡಲು ಬಾರದ ಮನುಷ್ಯ ಆ ಕೆಸರಿನಲ್ಲಿ ನಿಂತು ಗಟ್ಟಿಯಾಗಿ ಪ್ರಾರ್ಥಿಸಿದರು. ಏನೆಂದು ಪ್ರಾರ್ಥಿಸಿದರೋ ಹೆಂಡತಿಗೂ ಯಾವತ್ತೂ ಹೇಳಲಿಲ್ಲ.

ತಿರುವಿನಲ್ಲಿ ಟೀಚರು ಅವರ ಮುಖವನ್ನೇ ನೋಡುತ್ತಿದ್ದರು.

“ಚಿಲಕ ಹಾಕಿತ್ತಮ್ಮ” ಎಂದರು ಬೀಗರು. “ನೀರು ಮುರಿದಿದೆ. ಅವರು ಒಳಗೇ ಇದ್ರು.”

ಟೀಚರು ಅಳುತ್ತಾರೆ, ಬೀಳುತ್ತಾರೆ ಎಂದುಕೊಂಡಿದ್ದರು. ಅವರು ಸುಮ್ಮನೆ ತಲೆಯಾಡಿಸಿದರು. “ಗೊತ್ತಿತ್ತು. ದೋಣೀಲಿ ಕೂತಾಗ್ಲೇ ಗೊತ್ತಿತ್ತು. ತೆಗೆದಿತ್ತು ಅಂತ ನೀವು ಹೇಳಿದ್ರೆ ನಂಬ್ತಿದ್ದೆ. ಸದ್ದು ಮಾತ್ರ ನಿಲ್ತಿರಲಿಲ್ಲ, ಆಮೇಲೆ ಹುಚ್ಚು ಹಿಡೀತಿತ್ತು.” ಹಾಗೆಂದು ಮೊದಲ ಸಲ ತಾವೇ ಆ ಬೀದಿಯಲ್ಲಿ ಹೆಜ್ಜೆ ಇಟ್ಟರು. ಹಸಿರು ಬಾಗಿಲವರೆಗೆ ಹೋಗಿ, ಒಳಗೆ ಇಣುಕಿ, ಆ ಮೂರು ಗುರುತಿನ ಮೇಲೆ ಅಂಗೈ ಇಟ್ಟು, “ಅತ್ತೇ, ನಾನೇ ಹಾಕಿದ್ದು” ಎಂದರು. ಆಗ ಅಳು ಬಂತು. ಬೀಗರ ಹೆಂಡತಿ ದಿಬ್ಬದಿಂದ ಓಡಿ ಬಂದು, ಏನನ್ನೂ ಕೇಳದೆ ತಬ್ಬಿಕೊಂಡು ಕೂತಳು. ಸಂಜೆಯವರೆಗೆ ಹನ್ನೆರಡೂ ಜನ ಸೇರಿ ಆ ಮನೆಯ ಕೆಸರು ಎತ್ತಿದರು, ನೀರು ಹೊತ್ತು ತಂದು ನೆಲ ತೊಳೆದರು. ಮುಂಬಾಗಿಲ ಒಳಮೈ ತೊಳೆಯಲು ಮಾತ್ರ ಟೀಚರು ಬೇರೆಯವರಿಗೆ ಬಿಡಲಿಲ್ಲ.

ಕೊನೆಯ ಎರಡು ದಿನ ಟೀಚರಿಗೆ ಸದ್ದು ಕೇಳಿಸಲಿಲ್ಲ. “ಮಧ್ಯಾಹ್ನ ಮಲಗಿಬಿಟ್ಟಿದ್ದೆ ಅಣ್ಣಾ, ಎಷ್ಟು ದಿನ ಆಗಿತ್ತು!” ಎಂದು ವ್ಯಾನು ಹತ್ತುವಾಗ ಹೇಳಿದರು. ಬೀಗರು ಸಂತೋಷ ಅಮ್ಮಾ ಎಂದರು.

ಊರಿಗೆ ಬಂದ ನಾಲ್ಕನೆಯ ದಿನ, ಊಟ ಮುಗಿಸಿ ಗೂಡಿನ ಅರ್ಧ ಷಟರ್ ಇಳಿಸಿ ಕೂತು ಕೀಲಿಯೊಂದನ್ನು ಅರೆಯುತ್ತಿದ್ದಾಗ ಷಟರಿನ ಮೇಲೆ ಮೂರು ಸಲ ಬಡಿದ ಸದ್ದಾಯಿತು. “ಬಂದೆ” ಎಂದು ಎದ್ದರು. ಹೊರಗೆ ಯಾರೂ ಇರಲಿಲ್ಲ. ಮರುದಿನವೂ ಅಷ್ಟೇ. ಹೆಂಡತಿಗೆ ಹೇಳಿದಾಗ ಈ ಸಲ ಅವಳು ಹಸಿವಿನ ಮಾತೆತ್ತಲಿಲ್ಲ. ಪಾಸ್ಟರನ್ನು ಕರೆತಂದಳು. ಅವರು ಗೂಡಿನಲ್ಲಿ ನಿಂತು ಪ್ರಾರ್ಥನೆ ಮಾಡಿ, “ಹೊರೆ ಹೊರೋಕೆ ಅಂತಲೇ ಅಲ್ವಾ ನಾವೆಲ್ಲ ಹೋಗಿದ್ದು? ನಾವು ಸಲಿಕೆಯಷ್ಟು ಹೊತ್ತು ಬಂದ್ವಿ. ನಿಮ್ಮದು ಸ್ವಲ್ಪ ಭಾರ ಜಾಸ್ತಿ ಆಯ್ತೇನೋ” ಎಂದರು. ಬೀಗರಿಗೆ ಆ ಮಾತು ಹಿಡಿಸಿತು. ಹೆದರಿಕೆ ಕ್ರಮೇಣ ಹೋಯಿತು, ಸದ್ದು ಹೋಗಲಿಲ್ಲ. ಪ್ರತಿ ಸಲವೂ ಎದ್ದು ಹೋಗಿ ಷಟರ್ ಎತ್ತುತ್ತಿದ್ದರು. ಒಂದು ದಿನವೂ ಕೂತಲ್ಲೇ ಇದ್ದವರಲ್ಲ. ಯಾರೋ ಬಾಗಿಲು ಬಡಿದಾಗ ತೆಗೆಯದೆ ಇರುವುದು ತಮ್ಮಿಂದಾಗದು ಎನ್ನುತ್ತಿದ್ದರು.

ಮೂರು ವರ್ಷದ ಮೇಲೆ ಟೀಚರು ಯಾವುದೋ ತರಬೇತಿಗೆಂದು ಬೀಗರ ಊರಿಗೆ ಬಂದವರು ಗೂಡು ಹುಡುಕಿಕೊಂಡು ಬಂದರು. ಮೈ ತುಂಬಿಕೊಂಡಿದ್ದರು. ಬೀಗರು ಸ್ಟೂಲು ಕೊಟ್ಟು, ಪಕ್ಕದ ಅಂಗಡಿಯಿಂದ ಚಹಾ ತರಿಸಿದರು. ಮನೆಗೆ ಹೊಸ ಬಣ್ಣ ಹೊಡೆಸಿದ್ದು, ಶಾಲೆಗೆ ಎರಡು ಕೋಣೆ ಕಟ್ಟಿಸಿದ್ದು, ಅತ್ತೆಯ ನಾಲಿಗೆ ಈಗ ತಮಗೇ ಬಂದಿದೆಯೆಂದು ಮಕ್ಕಳು ಹೆದರುವುದು, ಎಲ್ಲ ಹೇಳಿ ನಗುತ್ತಿದ್ದರು. ಆಗ ಅರ್ಧ ಇಳಿಸಿದ್ದ ಷಟರಿನ ಮೇಲೆ ಮೂರು ಸಲ ಬಡಿದ ಸದ್ದಾಯಿತು.

ಬೀಗರು ಟೀಚರ ಮುಖ ನೋಡಿದರು. ಅವರು ಚಹಾ ಊದಿಕೊಳ್ಳುತ್ತ ಮಾತು ಮುಂದುವರಿಸಿದರು. ಏನೂ ಕೇಳಿಸಿರಲಿಲ್ಲ. ಬೀಗರು ಮೊಣಕಾಲಿಗೆ ಕೈಯೂರಿ ಮೆಲ್ಲನೆ ಎದ್ದರು.

“ಯಾಕಣ್ಣಾ, ಯಾರಾದ್ರೂ ಬಂದ್ರಾ?”

“ಇಲ್ಲಮ್ಮ. ಒಳಗೆ ಸೆಕೆ. ಸ್ವಲ್ಪ ಗಾಳಿ ಬರಲಿ ಅಂತ” ಎಂದು ಷಟರನ್ನು ಮೇಲಿನವರೆಗೂ ಎತ್ತಿದರು. ಬಿಸಿಲು ಟೀಚರ ಮಡಿಲವರೆಗೆ ಬಂತು. ಬೀಗರು ಹೊರಗಿನ ಖಾಲಿ ಜಾಗದತ್ತ ನೋಡಿ, ಗಿರಾಕಿಗೆ ದಾರಿ ಬಿಡುವವರ ಹಾಗೆ ಒಂದು ಕ್ಷಣ ಪಕ್ಕಕ್ಕೆ ಸರಿದು ನಿಂತು, ಬಂದು ಕೂತರು. “ಹೂಂ, ಹೇಳಿ. ಮಕ್ಕಳು ಏನಂತಾರೆ?” ಎಂದರು.